ಹಸಿರು ಬಾವುಟದ ಅಂಚು

ಮಾರ್ಚ್ 3

ತಮ್ಮಾ,

ಕೊನೆಯ ನಿಲ್ದಾಣದಲ್ಲಿ ಯಾರೂ ತಪ್ಪಿ ಇಳಿಯುವುದಿಲ್ಲ ಎಂದು ನೀನು ಒಮ್ಮೆ ಹೇಳಿದ್ದೆ. ಅಥವಾ ನಿದ್ದೆ ಹೋದವರನ್ನೂ ಅದು ಇಳಿಸಿಯೇ ಬಿಡುತ್ತದೆ ಎಂದಿದ್ದೆಯೋ, ಸರಿಯಾಗಿ ನೆನಪಾಗುತ್ತಿಲ್ಲ. ನಿನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ಸಂಖ್ಯೆ ಕೂಗುವುದನ್ನು ಕಾಯುವಾಗ ಅರ್ಧ ಮಾತು ಮಾತ್ರ ತಲೆಯಲ್ಲಿ ತಿರುಗುತ್ತಿತ್ತು. ಉಳಿದರ್ಧ ನಿನ್ನ ಹತ್ತಿರ ಇರಬೇಕು. ಸಿಕ್ಕರೆ ಬರೆ.

ಬರೆ ಎಂದರೂ ನೀನು ಬರೆಯುವುದು ಅಷ್ಟರಲ್ಲೇ ಇದೆ. ಮೂರು ವಾರದಲ್ಲಿ ಎರಡು ಕಾಗದ, ಎರಡೂ ಸೇರಿ ಅರ್ಧ ಪುಟ. ತಂತಿ ಕಳಿಸುವವರೂ ನಿನಗಿಂತ ಧಾರಾಳಿಗಳು.

ನಿನ್ನ ಮಗಳ ಮನೆ ಮೂರನೇ ಅಂತಸ್ತಿನಲ್ಲಿದೆ. (ಸಿಟ್ಟು ಬಂದ ದಿನ ಅವಳು ನಿನ್ನ ಮಗಳು, ಉಳಿದ ದಿನ ನನ್ನವಳು. ಇವತ್ತು 'ಸುಮ್ನೆ ಮಲಗು ಅತ್ತೆ' ಎಂದು ನನ್ನ ಕತ್ತರಿ ಬಚ್ಚಿಟ್ಟು ಪ್ರೆಸ್ಸಿಗೆ ಹೋಗಿದ್ದಾಳೆ.) ಕಿಟಕಿ ತೆರೆದರೆ ಎದುರು ಮನೆಯ ಕಿಟಕಿ. ಅಲ್ಲಿ ಒಣಹಾಕುವ ಅಂಗಿಗಳ ಅಂಚು ಎಷ್ಟು ಕೆಟ್ಟದಾಗಿ ಹೊಲಿದಿದೆ ಎಂದರೆ, ಒಂದು ದಿನ ಹೋಗಿ ಬಾಗಿಲು ತಟ್ಟಿ ಕೇಳಿಬಿಡೋಣ ಅನ್ನಿಸುತ್ತದೆ. ಇಲ್ಲಿ ಸಮುದ್ರ ಕೇಳಿಸುವುದಿಲ್ಲ. ನಮ್ಮಲ್ಲೂ ಕೇಳಿಸುತ್ತಿರಲಿಲ್ಲ ಎಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ದಿನವಿಡೀ ಕೇಳುತ್ತಲೇ ಇದ್ದೆ ಎಂದು.

ಹೊಟ್ಟೆಯಲ್ಲಿ ಒಂದು ಸಣ್ಣ ಗಡ್ಡೆ ಇದೆಯಂತೆ. ತೆಗೆದರೆ ಆಯಿತು. ಅವಳಮ್ಮ ತೀರಿಕೊಂಡಾಗ ಎರಡು ವಾರ ಇದ್ದು ಹೋಗುತ್ತೇನೆಂದು ನಿನ್ನ ಕ್ವಾರ್ಟರ್ಸಿಗೆ ಬಂದವಳು ಇಪ್ಪತ್ತೆರಡು ವರ್ಷ ಕೂತುಬಿಟ್ಟೆ. ಇಲ್ಲಿಗೂ ಎರಡು ವಾರಕ್ಕೆಂದೇ ಬಂದದ್ದು. ನನ್ನ ಎರಡು ವಾರಗಳನ್ನು ನಂಬಬೇಡ. ಆದರೆ ಬರುತ್ತೇನೆ.

ನಿನ್ನ ಕೋಟಿನ ಎಡತೋಳು ಅರ್ಧಕ್ಕೇ ಬಿಟ್ಟು ಬಂದಿದ್ದೇನೆ. ದಾರ ನೇತಾಡುತ್ತಿದ್ದರೆ ಎಳೆಯಬೇಡ. ಮತ್ತೆ ನನ್ನ ಕೈಗೆ ಬರಬೇಕಾದ ಬಟ್ಟೆಗೆ ನಾನು ಕೊನೆಯ ಗಂಟು ಹಾಕುವುದಿಲ್ಲ, ನಿನಗೆ ಗೊತ್ತಲ್ಲ. 'ದರ್ಜಿ ಅಕ್ಕನ ಅಂಗಿ ಹಾಕ್ಕೊಂಡ್ರೆ ಬಾಲ ಬರುತ್ತೆ' ಎಂದು ಪಾಯಿಂಟ್ಸ್‌ಮನ್ ಉಪ್ಪಣ್ಣ ಆಡಿಕೊಳ್ಳುತ್ತಿದ್ದ. ಅವನ ಮೀಸೆಯ ಉಪ್ಪು ಇನ್ನೂ ಹಾಗೇ ಇದೆಯೇ?

ನಿನ್ನ ಅಕ್ಕ

*

ಮಾರ್ಚ್ 14

ಅಕ್ಕ,

ಕಾಗದ ಬಂತು. ನಾನು ಅಂಥದ್ದೇನು ಹೇಳಿದ್ದೆನೋ ನನಗೂ ನೆನಪಿಲ್ಲ.

ಗಾಳಿ ಜಾಸ್ತಿ. ಹಳಿ ಬದಲಿಸುವ ಪಾಯಿಂಟಿನ ಸಂದಿಗೆ ಮರಳು ತುಂಬುತ್ತಿದೆ. ಉಪ್ಪಣ್ಣ ದಿನಕ್ಕೆರಡು ಸಲ ಗುಡಿಸುತ್ತಾನೆ. ಮೀಸೆ ಹಾಗೇ ಇದೆ. ನಿನ್ನೆ ಸಂಜೆಯ ಗಾಡಿಗೆ ಹನ್ನೊಂದು ಜನ ಇಳಿದರು. ಒಬ್ಬ ಮುದುಕ ಪ್ಲಾಟ್‌ಫಾರ್ಮಿನ ತುದಿಯವರೆಗೆ ಹೋಗಿ, ಸಮುದ್ರ ನೋಡಿ, ವಾಪಸು ಬಂದು 'ಮುಂದಿನ ಗಾಡಿ ಎಲ್ಲಿಗೆ?' ಎಂದ. 'ಬಂದಲ್ಲಿಗೇ' ಎಂದೆ. ಹಾಗಾದರೆ ಒಂದು ಟಿಕೆಟ್ ಕೊಡಿ ಎಂದ.

ಮೇಲಿನವರಿಂದ ಒಂದಿಷ್ಟು ಕಾಗದ ಬಂದಿದೆ, ಎಂದಿನಂತೆ.

ಕೋಟು ಮುಟ್ಟಿಲ್ಲ. ಊಟ ಸರಿಯಾಗಿ ಮಾಡು.

*

ಏಪ್ರಿಲ್ 2
(ಅಂಚೆಗೆ ಹಾಕಲಿಲ್ಲ)

ಅಕ್ಕ,

ಮೊನ್ನೆ ಸಂಜೆಯ ಗಾಡಿ ಕೊನೆಯದು. ಆದೇಶ ಮಾರ್ಚ್ ಹತ್ತಕ್ಕೇ ಬಂದಿತ್ತು. ಈ ಕವಲು ದಾರಿಯಲ್ಲಿ ಓಡಾಡುವವರು ಸಾಲದು, ಆದ್ದರಿಂದ ಮುಚ್ಚಲಾಗಿದೆ ಎಂದು ಮೂರು ಸಾಲು. ನಾಲ್ಕನೇ ಸಾಲು ನನ್ನ ಬಗ್ಗೆ: ಹಳಿ ಕೀಳುವವರೆಗೆ ನಾನೂ ಉಪ್ಪಣ್ಣನೂ ಇಲ್ಲೇ ಇದ್ದು ಸಾಮಾನು ಕಾಯಬೇಕು, ರಜೆ ಇಲ್ಲ, ಆಮೇಲೆ ವಿಭಾಗದ ಕಚೇರಿಯ ದಾಖಲೆ ಕೋಣೆಗೆ ವರ್ಗ. ಕ್ವಾರ್ಟರ್ಸ್ ಖಾಲಿ ಮಾಡಬೇಕು.

ಯಾರೂ ಬಂದಿರಲಿಲ್ಲ. ಆರು ಜನ ಹತ್ತಿದರು, ಅವರಿಗೂ ಇದು ಕೊನೆಯದು ಎಂದು ಗೊತ್ತಿದ್ದಂತೆ ಕಾಣಲಿಲ್ಲ. ಡ್ರೈವರ್ ಕೈಚಾಚಿದ. ನೀನು ಹೊಲಿದ ಚರ್ಮದ ಚೀಲದಲ್ಲಿ ಟೋಕನ್ ಇಟ್ಟು ಕೊಟ್ಟೆ. ಆ ಹಿತ್ತಾಳೆ ಬಿಲ್ಲೆ ಕೈಯಲ್ಲಿಲ್ಲದೆ ಯಾವ ಡ್ರೈವರನೂ ಈ ಒಂಟಿ ಹಳಿಯ ಮೇಲೆ ಗಾಡಿ ಓಡಿಸುವಂತಿಲ್ಲ. ಇರುವುದು ಒಂದೇ ಬಿಲ್ಲೆ. ಪ್ರತಿ ಸಂಜೆ ಹೋಗಿ ಬೆಳಿಗ್ಗೆ ಮರಳುತ್ತಿತ್ತು. ಅದು ಕೈಬಿಟ್ಟ ಮೇಲೆ ನಾನು ಚೀಲ ತೂಗುತ್ತಿದ್ದ ಹೆಗಲನ್ನು ಸವರಿಕೊಂಡೆನಂತೆ. ಉಪ್ಪಣ್ಣ ಹೇಳಿದ. ಹಸಿರು ಬಾವುಟ ತೋರಿಸಿದೆ. ಬಣ್ಣ ಹೋಗಿ ಬೂದಿಯಾಗಿದೆ. ಮೂಲೆಯಲ್ಲಿ ನೀನು ಬಿಟ್ಟ ದಾರ ಗಾಳಿಗೆ ಹಾರುತ್ತಿತ್ತು.

ಹಳಿ ಕಳುವಾಗದಂತೆ ನೋಡಲು ಇನ್‌ಸ್ಪೆಕ್ಟರ್ ಗುರುವಾರಕ್ಕೊಮ್ಮೆ ಜಂಕ್ಷನ್ನಿನಿಂದ ಟ್ರಾಲಿಯಲ್ಲಿ ಬರುತ್ತಾನೆ. ನಾಲ್ಕು ಜನ ತಳ್ಳುತ್ತಾರೆ, ಇವನು ಬೆಂಚಿನ ಮೇಲೆ ಕೊಡೆ ಹಿಡಿದು ಕೂತಿರುತ್ತಾನೆ. ನಿನ್ನೆ ಮೊದಲ ಸಲ ಬಂದವನು ನಿನ್ನನ್ನು ಕೇಳಿದ. 'ಅಕ್ಕ ವಾಪಸ್ ಬರೋವಾಗ ಹೇಳಿ ಮಾಸ್ತರ್ರೇ. ಜಂಕ್ಷನ್ನಿಂದ ನನ್ನ ಪಕ್ಕ ಕೂರಿಸ್ಕೊಂಡು ಬರ್ತೀನಿ. ಕೊಡೆ ಅವರಿಗೇ ಹಿಡೀತೀನಿ, ನಾನು ಒಣಗಿದ್ರೆ ಏನೂ ನಷ್ಟ ಇಲ್ಲ.' ನೋಡೋಣ ಎಂದೆ. ಟ್ರಾಲಿಯಲ್ಲಿ ಕೂತರೆ ಕಣ್ಣೆದುರಿಗೇ ಹಳಿ ಇರುತ್ತದೆ. ಈ ಉಪ್ಪುಗಾಳಿಗೆ ಎರಡು ದಿನ ಗಾಡಿ ಓಡದಿದ್ದರೆ ಹಳಿ ಕೆಂಪಾಗುತ್ತದೆ. ನಿನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಪರೇಷನ್ನಿಗೆ ಮುಂಚೆ ಇದನ್ನು ನಿನಗೆ ಬರೆಯುವುದು ಹೇಗೆ? ಮುಗಿದ ಮೇಲೆ ಬರೆಯುತ್ತೇನೆ.

*

ಏಪ್ರಿಲ್ 3

ಅಕ್ಕ,

ಇಲ್ಲಿ ಎಲ್ಲ ಎಂದಿನಂತೆ. ನಿನ್ನೆ ಸಂಜೆಯ ಗಾಡಿ ನಾಲ್ಕು ನಿಮಿಷ ತಡ. ದನ ಅಡ್ಡ ಬಂದಿತ್ತಂತೆ. ಗಾರ್ಡ್ ನಿನ್ನನ್ನು ಕೇಳಿದ. ಅವನ ಕೋಟಿನ ಗುಂಡಿ ಬಿದ್ದಿದೆಯಂತೆ, ನೀನು ಬರುವವರೆಗೆ ಜೇಬಿನಲ್ಲಿಟ್ಟುಕೊಳ್ಳುತ್ತೇನೆ ಎಂದ. ಆಪರೇಷನ್ ಯಾವತ್ತು ಎಂದು ಬರೆ.

*

ಮೇ 9

ತಮ್ಮಾ,

ಆಪರೇಷನ್ ಮುಗಿದು ಹದಿನೈದು ದಿನವಾಯಿತು. ತೆರೆದು ನೋಡಿ, ಮತ್ತೆ ಮುಚ್ಚಿದರು. ಹನ್ನೊಂದು ಹೊಲಿಗೆ. ಹೊಲಿದವನು ಎಳೆಯ ಡಾಕ್ಟರ್. ಅಂತರ ಒಂದೇ ಸಮ ಇದೆ, ಎಳೆತ ಇಲ್ಲ. 'ಕೈ ಚೆನ್ನಾಗಿದೆ, ಈ ಕೆಲಸ ಬಿಟ್ಟರೂ ಬದುಕ್ತೀಯ' ಎಂದೆ. ಅವನು ನಗಲಿಲ್ಲ. ಹಾಸಿಗೆಯ ಕಾಲಿಗೆ ನೇತುಹಾಕಿದ ಹಲಗೆಯನ್ನೇ ಓದುತ್ತಿದ್ದ.

ನಮ್ಮ ಹುಡುಗಿ ಈಗ ತುಂಬಾ ಒಳ್ಳೆಯವಳಾಗಿದ್ದಾಳೆ. ಕತ್ತರಿ ತಾನಾಗಿಯೇ ವಾಪಸು ಕೊಟ್ಟಳು. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾಳೆ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಲ್ಲುತ್ತಾಳೆ. ತೊಳೆಯುವ ಪಾತ್ರೆ ಅಷ್ಟೇನೂ ಇರುವುದಿಲ್ಲ.

ನನ್ನ ಅಂಗಿಗಳನ್ನು ಎರಡು ಸಲ ಒಳಗೆ ಹಿಡಿದೆ. ಟೇಪು ಹಾಕಿ ನೋಡಿದರೆ ಸೊಂಟ ಮೂವತ್ತನಾಲ್ಕರಿಂದ ಇಪ್ಪತ್ತೆಂಟಕ್ಕೆ ಬಂದಿದೆ. ಹದಿನೆಂಟನೇ ವಯಸ್ಸಿನಲ್ಲಿ ಸಿಗದ ಸೊಂಟ ಈಗ ಸಿಕ್ಕಿತು, ನೋಡುವವರು ಯಾರೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ಇನ್ನು ಇಲ್ಲಿ ನನಗೆ ಮಾಡುವಂಥದ್ದು ಏನೂ ಇಲ್ಲ ಎಂದಿದ್ದಾರೆ. ಮನೆಗೆ ಹೋಗಬಹುದಂತೆ. ಈ ತಿಂಗಳ ಕೊನೆಗೆ ಬರುತ್ತೇನೆ. ಕಾರು ಮಾಡೋಣ ಎಂದಳು ಹುಡುಗಿ. ಆ ಸುತ್ತುದಾರಿಯ ಗುಂಡಿಗಳಲ್ಲಿ ಗಟ್ಟಿಮುಟ್ಟಾಗಿದ್ದಾಗಲೇ ನನ್ನ ಹೊಟ್ಟೆ ನಿಲ್ಲುತ್ತಿರಲಿಲ್ಲ. ಈಗ ಡಾಕ್ಟರೂ ಬೇಡ ಎಂದರು. ಗಾಡಿ ನಮ್ಮ ಬಾಗಿಲಿಗೇ ಬರುವಾಗ ಕಾರು ಯಾಕೆ? ಜಂಕ್ಷನ್ನಿನವರೆಗೆ ಅವಳು ಬರುತ್ತಾಳೆ. ಅಲ್ಲಿಂದ ಗಾರ್ಡ್ ತನ್ನ ಡಬ್ಬಿಯಲ್ಲಿ ಮಲಗಿಸಿಕೊಂಡು ಬರುತ್ತಾನೆ, ದಾರಿಯಲ್ಲೇ ಅವನ ಗುಂಡಿ ಹಾಕಿಕೊಡುತ್ತೇನೆ. ನೀನು ಎಂದಿನ ಹಾಗೆ ಮೊದಲು ಡ್ರೈವರನ ಕೈಯಿಂದ ಟೋಕನ್ ತೆಗೆದುಕೋ, ಆಮೇಲೆ ನನ್ನ ಕಡೆ ನೋಡಿದರೆ ಸಾಕು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕ್ರಮ ತಪ್ಪಿಸಿದವನಲ್ಲ ನೀನು.

ದಿನ ತಿಳಿಸು. ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದಿಡು.

ಅಕ್ಕ

*

ಮೇ 17

ಅಕ್ಕ,

ಮುಗಿಯಿತು ಎಂದು ಓದಿ ದೊಡ್ಡ ಭಾರ ಇಳಿಯಿತು. ಮನೆಗೆ ಹೋಗಬಹುದು ಎಂದರೆ ಎಲ್ಲ ಸರಿಹೋಯಿತು ಎಂದೇ. ಹೊಲಿಗೆ ಚೆನ್ನಾಗಿ ಕೂಡಿದೆಯಲ್ಲ. ಸೊರಗಿರುವುದು ಆಸ್ಪತ್ರೆಯ ಗಂಜಿಯಿಂದ ಇರಬೇಕು, ನಿಧಾನವಾಗಿ ಮೈಗೂಡುತ್ತದೆ.

ಬರುವ ವಿಷಯ. ಹೇಳಲು ಬೇಸರವಾಗುತ್ತದೆ, ಆದರೆ ನೀನು ಸ್ವಲ್ಪ ಕಾಯಬೇಕಾಗುತ್ತದೆ. ಹಿನ್ನೀರಿನ ಸೇತುವೆಯ ನಾಲ್ಕನೇ ಕಂಬದ ಬುಡ ಕೊರೆದಿದೆ. ಕಳೆದ ವಾರ ಮುಳುಗುಗಾರರು ಬಂದು ನೋಡಿದರು. ಒಬ್ಬ ಮೇಲೆ ಬಂದು, ಕೈ ಒಳಗೆ ಹೋಗುವಷ್ಟು ಬಿರುಕು ಎಂದು ತೋಳು ತೋರಿಸಿದ. ತೋಳಿಗೆ ಕಪ್ಪು ಕೆಸರು ಮೊಣಕೈವರೆಗೆ ಮೆತ್ತಿತ್ತು. ಕಬ್ಬಿಣದ ಕೋಟೆಯಂಥದ್ದನ್ನು ಕಟ್ಟಿ, ನೀರು ಹೊರಗೆ ಹಾಕಿ, ಒಳಗೆ ಕಾಂಕ್ರೀಟು ಇಳಿಸಬೇಕಂತೆ. ಅಲ್ಲಿಯವರೆಗೆ ಗಾಡಿ ಸೇತುವೆಯ ಆಚೆಗೇ ನಿಂತು ಹಿಂದಿರುಗುತ್ತದೆ. ಇಲ್ಲಿ ಪ್ಲಾಟ್‌ಫಾರ್ಮು ಖಾಲಿ. ಉಪ್ಪಣ್ಣ ಬೆಂಚುಗಳಿಗೆ ಬಣ್ಣ ಹೊಡೆಯುತ್ತಿದ್ದಾನೆ. ಇಂಥ ಸಮಯ ಮತ್ತೆ ಸಿಗುವುದಿಲ್ಲ ಎನ್ನುತ್ತಾನೆ. ಆಗಸ್ಟ್ ಹೊತ್ತಿಗೆ ಮುಗಿಯುತ್ತದೆ ಎಂದು ಇಂಜಿನಿಯರ್ ಹೇಳಿದ. ಮೊದಲ ಗಾಡಿಯಲ್ಲೇ ನೀನು ಬರುವಂತೆ ಮಾಡುತ್ತೇನೆ. ಅಷ್ಟರಲ್ಲಿ ನೀನೂ ಗಟ್ಟಿಯಾಗಿರುತ್ತೀಯ.

ಹಾಸಿಗೆ ಕಿಟಕಿಯ ಪಕ್ಕಕ್ಕೆ ಎಳೆದಿದ್ದೇನೆ.

*

ಜೂನ್ 24

ತಮ್ಮಾ,

ಅಕ್ಷರ ಕುಣಿಯುತ್ತಿದ್ದರೆ ಹಾಸಿಗೆಯ ಮೇಲೆ ಕೂತು ಬರೆದದ್ದಕ್ಕೆ. ಇದನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ಆಗಸ್ಟ್ ಸ್ವಲ್ಪ ದೂರ ಆಯಿತು. ಇರಲಿ. ಸೇತುವೆ ಅಂದಮೇಲೆ ಅವಸರ ಮಾಡಬಾರದು.

ಈಚೆಗೆ ನೀನು ಉದ್ದುದ್ದ ಬರೆಯುತ್ತೀಯ. ಆ ಮುಳುಗುಗಾರನ ತೋಳಿನ ಕೆಸರನ್ನು ನಾನು ಹುಡುಗಿಯಿಂದ ಎರಡು ಸಲ ಓದಿಸಿದೆ. ನಿನ್ನ ಹತ್ತಿರ ಇಂಥದ್ದೆಲ್ಲ ಇತ್ತು ಎಂದು ನನಗೆ ಗೊತ್ತಿರಲಿಲ್ಲ.

ಹೋದ ವಾರ ಮೈ ಸ್ವಲ್ಪ ಹಗುರವಾಗಿತ್ತು. ಹುಡುಗಿಯನ್ನು ಕಾಡಿ ಇಲ್ಲಿಯ ದೊಡ್ಡ ಸ್ಟೇಷನ್ನಿಗೆ ಹೋದೆ. ಗಾಡಿಗಳ ವಾಸನೆ ಸಿಕ್ಕರೆ ಸಾಕು ಅನ್ನಿಸಿತ್ತು. ವಿಚಾರಣೆಯ ಕಿಂಡಿಯಲ್ಲಿ ಒಬ್ಬ ಯುವಕ ಕೂತಿದ್ದ, ಕನ್ನಡಕದವನು. ನಮ್ಮ ಸೇತುವೆ ಯಾವಾಗ ಸರಿಹೋಗುತ್ತದೆ ಎಂದು ಕೇಳಿದೆ. ಅವನು ಹೊಸ ವೇಳಾಪಟ್ಟಿ ತಿರುವಿ, 'ಈ ಹೆಸರಿನ ಸ್ಟೇಷನ್ನೇ ಇಲ್ವಲ್ಲಮ್ಮ' ಎಂದ.

'ಸರಿಯಾಗಿ ನೋಡಪ್ಪ, ಕೊನೇಲಿ ಇರುತ್ತೆ.'

'ಕೊನೇಲೂ ನೋಡ್ದೆ. ಜಂಕ್ಷನ್ನಿಂದ ಆ ಕಡೆಗೆ ಗಾಡೀನೇ ಇಲ್ಲ.'

'ನನ್ನ ತಮ್ಮ ಅಲ್ಲೇ ಮಾಸ್ತರ್. ಹೋದ ತಿಂಗಳು ಕಾಗದ ಬರೆದಿದ್ದಾನೆ. ಅವನು ಸುಳ್ಳು ಹೇಳೋನಲ್ಲ. ನಿಮ್ಮ ಪುಸ್ತಕ ತಪ್ಪು.'

ಹಿಂದೆ ನಿಂತವರು ನಕ್ಕರು. ಹುಡುಗಿ ನನ್ನ ಕೈ ಹಿಡಿದು ಈಚೆಗೆ ಕರೆದುಕೊಂಡು ಬಂದಳು. ಪ್ರೆಸ್ಸಿನವಳಲ್ಲವೇ, 'ಅಚ್ಚಿನಲ್ಲಿ ಒಂದೊಂದ್ಸಲ ಪುಟ ಬಿಟ್ಹೋಗುತ್ತೆ ಅತ್ತೆ' ಎಂದಳು. ಇದ್ದರೂ ಇರಬಹುದು. ಬೆಂಚಿನ ಮೇಲೆ ಕೂತು ಎರಡು ಗಾಡಿ ಹೋಗುವುದನ್ನು ನೋಡಿ ಬಂದೆವು.

ಇದರ ಜೊತೆ ಒಂದು ಕಟ್ಟು ಕಳಿಸುತ್ತಿದ್ದೇನೆ. ಎರಡು ಬಾವುಟ, ಒಂದು ಕೆಂಪು, ಒಂದು ಹಸಿರು. ಹಳೆಯವು ಬೂದಿಯಾಗಿವೆ, ನನಗೆ ಗೊತ್ತು. ಬಟ್ಟೆ ಗಟ್ಟಿ ಇದೆ. ಬಣ್ಣ ಬಿಡುತ್ತದೆಯೇ ಎಂದು ಉಪ್ಪುನೀರಿನಲ್ಲಿ ಎರಡು ದಿನ ನೆನೆಸಿ ನೋಡಿದೆ. ಐದು ವರ್ಷ ತಾಳುತ್ತದೆ. ಹೊಲಿಯುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಮೊದಲಾಗಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು.

ನೀನು ಒಬ್ಬನೇ ಇರುವಾಗ ಕೋಟು ಹಾಕಿಕೊಳ್ಳುವುದನ್ನು ಬಿಡಬೇಡ.

*

ಜುಲೈ 5

ಅಕ್ಕ,

ಕಟ್ಟು ತಲುಪಿತು. ಬಾವುಟಗಳು ತುಂಬಾ ಚೆನ್ನಾಗಿವೆ.

ಹೊಸ ವೇಳಾಪಟ್ಟಿಯಲ್ಲಿ ನಮ್ಮ ಪುಟ ಬಿಟ್ಟುಹೋದದ್ದು ನಿಜ. ಇಲ್ಲಿಗೂ ಅದೇ ಬಂದಿದೆ. ಮೇಲಿನವರಿಗೆ ಬರೆದಿದ್ದೇನೆ, ತಿದ್ದುಪಡಿ ಚೀಟಿ ಅಂಟಿಸುತ್ತಾರಂತೆ.

ಸೇತುವೆಯ ಕೆಲಸ ಬೇಗ ಸಾಗುತ್ತಿದೆ. ಮೊನ್ನೆ ಸಿಮೆಂಟಿನ ಗಾಡಿ ಇಲ್ಲಿಯವರೆಗೂ ನಿಧಾನಕ್ಕೆ ಬಂತು. ನಿನ್ನ ಹಸಿರು ಬಾವುಟವನ್ನೇ ತೋರಿಸಿದೆ. ಡ್ರೈವರ್ ಹೊಸಬ. 'ಎಲ್ಲಿ ಹೊಲಿಸಿದ್ರಿ, ಅರ್ಧ ಮೈಲಿಯಿಂದಲೇ ಕಾಣ್ತಿತ್ತು' ಎಂದ. ನಮ್ಮ ಅಕ್ಕ ಎಂದೆ. ಸಂಜೆ ಬಿಸಿಲಿನಲ್ಲಿ ಬೋಗಿಗಳ ಮೇಲಿನ ಧೂಳು ಬೆಳ್ಳಗೆ ಏಳುತ್ತಿತ್ತು. ಉಪ್ಪಣ್ಣನ ಮೀಸೆಗೂ ಸಿಮೆಂಟು ಮೆತ್ತಿ, ಇವನು ಇನ್ನು ಮೂರು ದಿನದಲ್ಲಿ ಗಟ್ಟಿಯಾಗಿಬಿಡುತ್ತಾನೆ ಎಂದು ನಕ್ಕೆವು. ಬಹುಶಃ ಆಗಸ್ಟ್ ಮೊದಲ ವಾರವೇ ದಾರಿ ತೆರೆಯಬಹುದು.

ನೀನು ಬಂದಾಗ ಕೋಟಿನ ತೋಳು ಮುಗಿಸಿಕೊಡು.

*

ಸೆಪ್ಟೆಂಬರ್ 11

ಅಕ್ಕ,

ಇದನ್ನು ಟಿಕೆಟ್ ಕೋಣೆಯ ಮೇಜಿನ ಮೇಲೆ, ಖಾಲಿ ಉಳಿದ ನಮೂನೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಾಳೆ ಮೇಜೂ ಹೋಗುತ್ತದೆ.

ನನ್ನ ಜುಲೈ ಐದರ ಕಾಗದ ಎಂಟಕ್ಕೆ ಸಿಕ್ಕಿತಂತೆ. ನಿನಗೆ ಓದಲಾಗುತ್ತಿರಲಿಲ್ಲ, ಮಗಳು ಓದಿ ಹೇಳಿದಳಂತೆ. ಮುಗಿದ ಮೇಲೆ 'ಇಷ್ಟುದ್ದ ಬರೆದಿದ್ದಾನೆ, ಪಾಪ' ಎಂದು ನೀನು ಕಣ್ಣು ಮುಚ್ಚಿದೆಯಂತೆ. ಹತ್ತನೇ ತಾರೀಖು ಬೆಳಿಗ್ಗೆ ನೀನು ಹೋದೆ. ತಂತಿ ಸುತ್ತುದಾರಿಯಲ್ಲಿ ಬಂತು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳಿಗೆ ಮೇ ತಿಂಗಳಿಂದಲೇ ಗೊತ್ತಿತ್ತು. ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದು ಆ ಎಳೆಯ ಡಾಕ್ಟರ್ ಹೇಳಿದ್ದನಂತೆ, ನಿಮ್ಮಿಬ್ಬರ ಎದುರಿಗೇ. ಸೇತುವೆಯ ಕಾಗದ ಬಂದ ದಿನ 'ಅಪ್ಪಂಗೆ ಹೇಳ್ಬೇಡ, ಸೇತುವೆ ನೋಡ್ಕೋಬೇಕು ಅವನು' ಎಂದು ನೀನು ಆಣೆ ಹಾಕಿಸಿದ್ದೆಯಂತೆ. ಅವಳು ಇದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಆಮೇಲೆ ಕೇಳಿದಳು, 'ಯಾವ ಸೇತುವೆ ಅಪ್ಪ?' ಅವಳು ಪ್ರೆಸ್ಸಿನಲ್ಲಿ ವಿಚಾರಿಸಿದ್ದಳು. ಪುಟ ಬಿಟ್ಟುಹೋಗಿರಲಿಲ್ಲ. ಅದನ್ನು ನಿನಗೆ ಹೇಳಿದ್ದಳೇ ಎಂದು ಕೇಳಿದೆ. ಇಲ್ಲ ಎಂದಳು. ಅದು ಎಂಥ ಇಲ್ಲವೋ ನನಗೆ ತಿಳಿಯಲಿಲ್ಲ.

ಏಪ್ರಿಲ್ ಎರಡಕ್ಕೆ ನಿನಗೆ ಒಂದು ಕಾಗದ ಬರೆದು ಡ್ರಾಯರಿನಲ್ಲಿಟ್ಟಿದ್ದೆ. ಇವತ್ತು ತೆಗೆದು ಓದಿದೆ. ಅದರಲ್ಲಿ ಟ್ರಾಲಿಯ ವಿಷಯ ಇದೆ. ಅವತ್ತಿನಿಂದ ನೀನು ಹೋಗುವವರೆಗೆ ಹದಿನಾಲ್ಕು ಗುರುವಾರ. ಪ್ರತಿ ಗುರುವಾರ ಇನ್‌ಸ್ಪೆಕ್ಟರನ ಪಕ್ಕ ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಇತ್ತು. ಟ್ರಾಲಿಗೆ ಕುಲುಕು ಇರುವುದಿಲ್ಲ. ಒಂದೂವರೆ ಗಂಟೆ. ನಾಲ್ಕನೇ ಕಂಬದ ಮೇಲೆ ಹಾದು, ಎಂದಿನ ಹಾಗೆ ಗಟ್ಟಿಯಾಗಿ ನಿಂತಿರುವ ಕಂಬದ ಮೇಲೆ ಹಾದು, ಕೊಡೆಯ ಕೆಳಗೆ ಕೂತು ನೀನು ಬಂದುಬಿಡುತ್ತಿದ್ದೆ. ಹಳಿ ಕೆಂಪಾದದ್ದನ್ನು ನೋಡುತ್ತಿದ್ದೆ, ಒಂದು ದಿನ ಮಾತಾಡುತ್ತಿರಲಿಲ್ಲ, ಎರಡನೇ ದಿನ ಹಾಸಿಗೆ ಇನ್ನೂ ಸ್ವಲ್ಪ ಈಚೆ ಎಳಿ ಎನ್ನುತ್ತಿದ್ದೆ. ಅಷ್ಟೇ ಆಗುತ್ತಿದ್ದದ್ದು. ನಾನು ನಿನ್ನನ್ನು ಕೆಂಪು ಹಳಿಯಿಂದ ಕಾಪಾಡಿದೆ.

ಇನ್‌ಸ್ಪೆಕ್ಟರಿಗೆ ವಿಷಯ ತಿಳಿಸಿದೆ. ಅವನು ಬಹಳ ಹೊತ್ತು ಕೊಡೆ ಮಡಚುತ್ತಿದ್ದ. 'ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಮಾಸ್ತರ್ರೇ' ಎಂದ. ಬೈದಿದ್ದರೆ ಚೆನ್ನಾಗಿತ್ತು.

ಹಳಿ ಕೀಳುವ ಗಾಡಿ ಆಗಸ್ಟ್ ಮೊದಲ ವಾರವೇ ಬಂತು. ದಾರಿ ತೆರೆಯುತ್ತದೆ ಎಂದು ನಾನು ನಿನಗೆ ಬರೆದಿದ್ದ ವಾರವೇ. ಕೀಳುವುದನ್ನು ಸಮುದ್ರದ ಕಡೆಯಿಂದ ಶುರು ಮಾಡುತ್ತಾರೆ. ಮೊದಲು ತುದಿಯ ತಡೆಗಟ್ಟೆ, ಆಮೇಲೆ ಪ್ಲಾಟ್‌ಫಾರ್ಮಿನ ಮುಂದಿನವು. ಕಿತ್ತ ಹಳಿಯನ್ನು ತನ್ನ ಮೇಲೇ ಹೇರಿಕೊಂಡು ಗಾಡಿ ಹಿಂದೆ ಸರಿಯುತ್ತದೆ, ಮತ್ತೆ ಕೀಳುತ್ತಾರೆ, ಮತ್ತೆ ಸರಿಯುತ್ತದೆ. ಐದು ವಾರ ಹೀಗೆ. ನಿನ್ನೆ ಪ್ಲಾಟ್‌ಫಾರ್ಮಿನಿಂದ ಅದು ಕಾಣದಷ್ಟು ದೂರ ಹೋಯಿತು. ಈಗ ಮರಳಿನ ಮೇಲೆ ಅಡ್ಡಪಟ್ಟಿಗಳ ಗುರುತು ಮಾತ್ರ ಇದೆ, ನಿನ್ನ ಹೊಟ್ಟೆಯ ಮೇಲಿನ ಹೊಲಿಗೆಯೂ ಹೀಗೇ ಒಂದೇ ಸಮ ಇದ್ದಿರಬೇಕು.

ಮೊದಲ ಸಲ ಅದು ಹಿಂದೆ ಸರಿಯಬೇಕಾದಾಗ ಡ್ರೈವರ್ ತಲೆ ಹೊರಗೆ ಹಾಕಿ ನನ್ನ ಕಡೆ ನೋಡಿದ. ನಾನು ಕೋಟು ಹಾಕಿಕೊಂಡಿದ್ದೆ. ಒಳಗೆ ಹೋಗಿ ನಿನ್ನ ಕಟ್ಟು ಬಿಚ್ಚಿದೆ. ಹೌದು, ಅವತ್ತೇ ಮೊದಲು ಬಿಚ್ಚಿದ್ದು. ಜುಲೈಯಲ್ಲಿ 'ತುಂಬಾ ಚೆನ್ನಾಗಿವೆ' ಎಂದು ಬರೆದದ್ದು ಹೊರಗಿನ ಕಾಗದ ನೋಡಿ. ಬಿಚ್ಚುವ ಧೈರ್ಯ ಇರಲಿಲ್ಲ. ಹಸಿರನ್ನು ಹಿಡಿದು ನಿಂತೆ. ಅರ್ಧ ಮೈಲಿಯಿಂದ ಕಾಣುವಂತಿದೆ, ಆ ಒಂದು ಮಾತು ನಿಜ. ಗಾಳಿ ಇತ್ತು. ಮೂಲೆಯ ದಾರ ಹಾರುವುದನ್ನು ಕಾಯುತ್ತಿದ್ದೆ, ಹಾರಲಿಲ್ಲ. ಗಾಡಿ ಸರಿದ ಮೇಲೆ ಅಂಚನ್ನು ಬೆರಳಿನಿಂದ ತಡವಿ ನೋಡಿದೆ. ಮೂಲೆಯಲ್ಲಿ ಗಂಟು ಇದೆ. ಒಂದಲ್ಲ, ಒಂದರ ಮೇಲೊಂದು ಮೂರು. ಕೆಂಪು ಬಾವುಟವನ್ನೂ ತೆಗೆದು ನೋಡಿದೆ, ಅದಕ್ಕೂ ಮೂರು. ಉಳಿದ ದಾರವನ್ನು ಬುಡಕ್ಕೇ ಕತ್ತರಿಸಿದ್ದೀಯ.

ಕೋಟಿನ ತೋಳಿನ ದಾರ ಇನ್ನೂ ನೇತಾಡುತ್ತಿದೆ. ನಾನು ಎಳೆದಿಲ್ಲ.

ವಿಚಾರಣೆಯ ಕಿಂಡಿಯಲ್ಲಿ ನಿನ್ನ ಹಿಂದೆ ನಿಂತ ಜನ ನಕ್ಕಿದ್ದು, ಹನ್ನೆರಡು ದಿನದ ಹೊಲಿಗೆಯನ್ನು ನೀನು ಮುಗಿಸಿದ್ದು, ಎರಡೂ ಒಂದೇ ವಾರದ್ದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಮಗಳಿಗೂ ನೆನಪಿಲ್ಲ. ಆ ಬಾವುಟ ಮತ್ತೆ ನಿನ್ನ ಕೈಗೆ ಬರುವುದಿಲ್ಲ ಎಂದು ನಿನಗೆ ತಿಳಿದಿತ್ತು, ಅಷ್ಟು ಸ್ಪಷ್ಟ. ಆದರೆ ಅಕ್ಕ, ಮೂರನೇ ಗಂಟನ್ನು ಹಲ್ಲಿನಿಂದ ಬಿಗಿಯುವಾಗ ನಿನ್ನ ಮನಸ್ಸಿನಲ್ಲಿದ್ದದ್ದು ನೀನು ಬರುವುದಿಲ್ಲ ಎಂಬುದೋ, ಗಾಡಿ ಬರುವುದಿಲ್ಲ ಎಂಬುದೋ?